ತಪ್ಪು ನಾಲಾದ್ದೋ, ಹವಾಮಾನದ್ದೋ?

2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ ಸುರಿಯಿತು. ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 74 ಮಿ.ಮೀ. ಎರಡು ಜಾಗಗಳ ನಡುವೆ 20-25 ಕಿ.ಮೀ. ದೂರ, ಅಷ್ಟೆ. ಫೋರ್ಟ್ ಕಡೆ ಕೆಲಸಕ್ಕೆ ಹೋದ ಎಷ್ಟೋ ಜನರಿಗೆ ಮನೆಗೆ ಹೊರಟ ಮೇಲೆಯೇ ಊರು ಮುಳುಗಿದ್ದು ಗೊತ್ತಾಯಿತು.

ಇಪ್ಪತ್ತು ವರ್ಷ ದಾಟಿದರೂ ಆ ಮಳೆಯ ಜಗಳ ಮುಗಿದಿಲ್ಲ. ಡೊಂಬಿವಲಿ ಲೋಕಲ್‌ನಲ್ಲಿ, ಭಾಂಡೂಪ್-ಮುಲುಂಡ್ ಕಡೆಯ ಸಂಘಗಳ ವಾರ್ಷಿಕೋತ್ಸವದ ಊಟದ ಪಂಕ್ತಿಯಲ್ಲಿ, ಪ್ರತಿ ಜೂನ್‌ನಲ್ಲೂ ಇಲ್ಲಿನ ನಮ್ಮ ಕನ್ನಡಿಗರು ಅದನ್ನು ಎತ್ತುತ್ತಾರೆ. ಒಬ್ಬರು ಹೇಳುವುದು, "ಎಲ್ಲ ಕ್ಲೈಮೇಟ್ ಚೇಂಜ್. ಮನುಷ್ಯ ಭೂಮಿಯನ್ನು ಹಾಳು ಮಾಡಿದ, ಅನುಭವಿಸ್ತಾ ಇದ್ದಾನೆ." ಎದುರಿಗಿದ್ದವರು ಬಿಡುವುದಿಲ್ಲ. "ಎಂತ ಕ್ಲೈಮೇಟ್ ಮಾರಾಯ್ರೆ? ಮೀಠಿ ನದಿಯನ್ನು ಹಿಂಡಿ ಗಟಾರ ಮಾಡಿದ್ರು. ನಾಲಾ ಸಾಫ್ ಮಾಡ್ಲಿಲ್ಲ. ನೀರು ಎಲ್ಲಿಗೆ ಹೋಗ್ಬೇಕು? ಮಳೆ ನಮ್ಮ ಅಜ್ಜನ ಕಾಲದಲ್ಲೂ ಬರ್ತಿತ್ತು."

ಈ ಎರಡನೆಯವರ ಮಾತಿನಲ್ಲಿ ಮುಕ್ಕಾಲು ಪಾಲು ಸತ್ಯ ಇದೆ. ವಿಹಾರ್ ಮತ್ತು ಪೊವೈ ಕೆರೆಗಳ ಹೆಚ್ಚುವರಿ ನೀರು ಮಾಹಿಮ್ ಖಾರಿಗೆ (ಸಮುದ್ರದ ಹಿನ್ನೀರಿಗೆ) ಹೋಗುವ ದಾರಿ ಮೀಠಿ. ಆ ದಾರಿಯನ್ನು ವಿಮಾನ ನಿಲ್ದಾಣಕ್ಕಾಗಿ ತಿರುಗಿಸಿದರು. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ಗಾಗಿ ಕಾಂಡ್ಲಾ ಗಿಡಗಳ ಜೌಗು ನೆಲಕ್ಕೆ ಮಣ್ಣು ತುಂಬಿದರು. ಮಳೆ ಜೋರಾದ ಹೊತ್ತಿಗೇ ಸಮುದ್ರದಲ್ಲಿ ಉಬ್ಬರ ಇತ್ತು. ಇದರಲ್ಲಿ ಯಾವುದಕ್ಕೂ ಇಂಗಾಲದ ಡೈಆಕ್ಸೈಡ್ ಬೇಕಿಲ್ಲ, ನಗರಪಾಲಿಕೆಯ ಫೈಲು ಸಾಕು.

ತೊಂದರೆ ಶುರುವಾಗುವುದು ಅವರ ಮುಂದಿನ ಮಾತಿನಲ್ಲಿ. "ಹಾಗಾಗಿ ಮನುಷ್ಯ ಭೂಮಿ ಬಿಸಿ ಮಾಡಿದ ಅನ್ನೋದೆಲ್ಲ ಸುಮ್ನೆ." ನಾಲಾ, ಅಂದರೆ ಮಳೆನೀರಿನ ದೊಡ್ಡ ಚರಂಡಿ, ಕಟ್ಟಿಕೊಂಡದ್ದು ನಿಜ ಅಂದಮಾತ್ರಕ್ಕೆ ಭೂಮಿ ಬಿಸಿಯಾಗುತ್ತಿರುವುದು ಸುಳ್ಳಾಗುವುದು ಹೇಗೆ? ಮೊದಲ ಗುಂಪಿನವರೂ ಇದೇ ಗೊಂದಲವನ್ನು ಇನ್ನೊಂದು ತುದಿಯಿಂದ ಮಾಡುತ್ತಾರೆ. ಭೂಮಿ ಬಿಸಿಯಾಗಿರುವುದು ನಿಜ, ಹಾಗಾಗಿ ಈ ರಸ್ತೆಯಲ್ಲಿ ನಿಂತ ನೀರಿಗೂ ಅದೇ ಕಾರಣ ಅನ್ನುತ್ತಾರೆ. ಪಾಲಿಕೆಗೂ ರಾಜಕಾರಣಿಗಳಿಗೂ ಇದಕ್ಕಿಂತ ಒಳ್ಳೆಯ ನೆಪ ಸಿಗುವುದಿಲ್ಲ. ಮನುಷ್ಯ ಇಲ್ಲಿ ಎರಡು ಬೇರೆ ಬೇರೆ ಕೆಲಸ ಮಾಡಿದ್ದಾನೆ. ಒಂದು ಊರಿನ ನೆಲದ ಮೇಲೆ, ಇನ್ನೊಂದು ಇಡೀ ಭೂಮಿಯ ಗಾಳಿಯಲ್ಲಿ. ಒಂದಕ್ಕೆ ಸಿಕ್ಕ ಸಾಕ್ಷಿಯಿಂದ ಇನ್ನೊಂದನ್ನು ಸಾಬೀತು ಮಾಡಲೂ ಆಗದು, ತಳ್ಳಿಹಾಕಲೂ ಆಗದು.

ಗಾಳಿಯ ಕಥೆಯನ್ನೇ ಮೊದಲು ನೋಡೋಣ. ಅನುಮಾನ ಜಾಸ್ತಿ ಇರುವುದು ಅಲ್ಲೇ.

ಇದು ಮೊನ್ನೆ ಮೊನ್ನೆ ಹುಟ್ಟಿದ ಫ್ಯಾಷನ್ ಅಂತ ಅನೇಕರು ತಿಳಿದಿದ್ದಾರೆ. ಯೂನಿಸ್ ಫೂಟ್ ಎಂಬ ಅಮೆರಿಕದ ಮಹಿಳೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟು, ಇಂಗಾಲದ ಡೈಆಕ್ಸೈಡ್ ಇರುವ ಕೊಳವೆ ಹೆಚ್ಚು ಬಿಸಿಯಾಗುವುದನ್ನು ತೋರಿಸಿದ್ದು 1856ರಲ್ಲಿ. ಇಲ್ಲಿ ಸಿಪಾಯಿ ದಂಗೆ ಇನ್ನೂ ಆಗಿರಲಿಲ್ಲ. ಮೂರು ವರ್ಷದ ನಂತರ ಜಾನ್ ಟಿಂಡಾಲ್, ಈ ಅನಿಲ ನೆಲದಿಂದ ಮೇಲೇಳುವ ಶಾಖವನ್ನು ಹೀರುತ್ತದೆ ಎಂಬುದನ್ನು ಪ್ರಯೋಗಶಾಲೆಯಲ್ಲಿ ಅಳೆದರು. 1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ ಕೂತು ಕೈಯಲ್ಲೇ ಲೆಕ್ಕ ಹಾಕಿದರು. ಗಾಳಿಯಲ್ಲಿ ಈ ಅನಿಲ ಎರಡು ಪಟ್ಟಾದರೆ ಭೂಮಿ ಎಷ್ಟು ಬಿಸಿಯಾಗಬಹುದು ಅನ್ನುವ ಲೆಕ್ಕ ಅದು. ಚಳಿ ದೇಶದವರಲ್ವಾ, ಬಿಸಿಯಾದರೆ ಒಳ್ಳೆಯದೇ ಅಂದುಕೊಂಡಿದ್ದರು ಪಾಪ.

1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯನ್ನು ಅಳೆಯಲು ಶುರು ಮಾಡಿದರು. ಆಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ 315 ಭಾಗ ಇಂಗಾಲದ ಡೈಆಕ್ಸೈಡ್ ಇತ್ತು. 2024ರ ಸರಾಸರಿ 420ನ್ನೂ ದಾಟಿದೆ. ಕಾರ್ಖಾನೆಗಳ ಯುಗಕ್ಕೆ ಮುಂಚೆ ಅದು ಸುಮಾರು 280 ಇತ್ತು. ಅಂಟಾರ್ಕ್ಟಿಕಾದ ಮಂಜಿನೊಳಗೆ ಸಿಕ್ಕಿಬಿದ್ದ ಹಳೆಯ ಗಾಳಿಯ ಗುಳ್ಳೆಗಳನ್ನು ಅಳೆದರೆ, 8 ಲಕ್ಷ ವರ್ಷಗಳಲ್ಲಿ ಒಮ್ಮೆಯೂ ಇಷ್ಟು ಏರಿದ ಗುರುತು ಇಲ್ಲ.

ಸರಿ, ಏರಿದೆ. ಅದು ನಮ್ಮಿಂದಲೇ ಬಂದದ್ದು ಅಂತ ಹೇಗೆ ಹೇಳುವುದು? ಸಮುದ್ರದಿಂದ ಬಂದಿರಬಹುದು, ಜ್ವಾಲಾಮುಖಿಯಿಂದ ಬಂದಿರಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೆ ಸಿಕ್ಕ ಉತ್ತರ ಇಡೀ ವಿಷಯದಲ್ಲಿ ನನಗೆ ಅತ್ಯಂತ ಗಟ್ಟಿ ಅನ್ನಿಸಿದ ಭಾಗ.

ಇಂಗಾಲದಲ್ಲಿ ಮೂರು ಬಗೆ ಇದೆ. ಸಾಮಾನ್ಯವಾದದ್ದು ಕಾರ್ಬನ್-12. ಸ್ವಲ್ಪ ಭಾರದ್ದು ಕಾರ್ಬನ್-13. ಇನ್ನೊಂದು ಕಾರ್ಬನ್-14, ಇದು ವಿಕಿರಣ ಸೂಸುತ್ತಾ ಸವೆಯುತ್ತದೆ. ಸುಮಾರು 5,700 ವರ್ಷಕ್ಕೆ ಅರ್ಧವಾಗುತ್ತದೆ. ಕಲ್ಲಿದ್ದಲು, ತೈಲ ಎಲ್ಲ ಕೋಟ್ಯಂತರ ವರ್ಷ ನೆಲದಡಿ ಇದ್ದದ್ದು. ಹಾಗಾಗಿ ಅವುಗಳಲ್ಲಿ ಕಾರ್ಬನ್-14 ಉಳಿದಿಲ್ಲ. ಅವುಗಳನ್ನು ಸುಟ್ಟ ಹೊಗೆ ಗಾಳಿಗೆ ಸೇರಿದರೆ ಗಾಳಿಯಲ್ಲಿ ಕಾರ್ಬನ್-14ರ ಪಾಲು ತೆಳುವಾಗಬೇಕು. ಹಾನ್ಸ್ ಸೂಯೆಸ್ 1955ರಲ್ಲಿ ಮರಗಳ ಒಳಗಿನ ಇಂಗಾಲದಲ್ಲಿ ಅದನ್ನೇ ಕಂಡರು. ಇನ್ನು ಗಿಡಗಳಿಗೆ ಹಗುರವಾದ ಕಾರ್ಬನ್-12 ಅಂದರೆ ಇಷ್ಟ. ಕಲ್ಲಿದ್ದಲು ಹಳೆಯ ಕಾಡೇ ತಾನೆ? ಆದ್ದರಿಂದ ಅದರಲ್ಲೂ ಕಾರ್ಬನ್-13 ಕಡಿಮೆ. ಗಾಳಿಯಲ್ಲಿ ಕಾರ್ಬನ್-13ರ ಪಾಲೂ ಇಳಿಯುತ್ತಿದೆ. ಜ್ವಾಲಾಮುಖಿಯ ಅನಿಲದಿಂದಲೋ ಸಮುದ್ರದ ಅನಿಲದಿಂದಲೋ ಈ ಎರಡೂ ಒಟ್ಟಿಗೆ ಆಗುವುದಿಲ್ಲ. ಜೊತೆಗೆ ಗಾಳಿಯಲ್ಲಿ ಆಮ್ಲಜನಕ ಚೂರು ಚೂರೇ ಕಡಿಮೆಯಾಗುತ್ತಿದೆ. ಏನನ್ನಾದರೂ ಸುಟ್ಟಾಗ ಆಗುವುದು ಅದೇ.

ಕೂಡಿ ಕಳೆಯುವ ಲೆಕ್ಕವೂ ಇದೆ. ಪ್ರಪಂಚ ಈಗ ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಇಂಗಾಲದ ಡೈಆಕ್ಸೈಡನ್ನು ಇಂಧನ ಸುಟ್ಟು ಗಾಳಿಗೆ ಬಿಡುತ್ತಿದೆ. ಜ್ವಾಲಾಮುಖಿಗಳೆಲ್ಲ ಸೇರಿದರೂ ಇದರ ನೂರರಲ್ಲಿ ಒಂದು ಪಾಲೂ ಆಗುವುದಿಲ್ಲ. ನಾವು ಬಿಟ್ಟದ್ದರಲ್ಲಿ ಅರ್ಧದಷ್ಟು ಮಾತ್ರ ಗಾಳಿಯಲ್ಲಿ ಉಳಿಯುತ್ತಿದೆ. ಮಿಕ್ಕಿದ್ದನ್ನು ಸಮುದ್ರ ಮತ್ತು ಕಾಡು ಹೀರಿಕೊಳ್ಳುತ್ತಿವೆ. ಅಂದರೆ ಸಮುದ್ರ ಒಟ್ಟಾರೆ ತೆಗೆದುಕೊಳ್ಳುತ್ತಿದೆ, ಕೊಡುತ್ತಿಲ್ಲ. ಅದರ ನೀರು ಹುಳಿಯಾಗುತ್ತಿರುವುದೂ ಅದಕ್ಕೇ.

ಈಗ ಸೂರ್ಯನ ಮಾತು. "ಸೂರ್ಯನೇ ಜಾಸ್ತಿ ಕಾಯ್ತಿದ್ದಾನೆ, ಅಷ್ಟೆ" ಅನ್ನುವವರು ಬಹಳ ಜನ. 1978ರಿಂದ ಉಪಗ್ರಹಗಳು ಸೂರ್ಯನ ಶಕ್ತಿಯನ್ನು ನೇರವಾಗಿ ಅಳೆಯುತ್ತಿವೆ. ಹನ್ನೊಂದು ವರ್ಷದ ಏರಿಳಿತ ಬಿಟ್ಟರೆ ಅದು ಮೇಲೇರಿಲ್ಲ. ಒಲೆಯ ಉರಿ ಹಾಗೇ ಇದ್ದು ಪಾತ್ರೆ ಬಿಸಿಯಾಗುತ್ತಾ ಹೋದರೆ ಮುಚ್ಚಳದ ಕಡೆ ನೋಡಬೇಕು. ಇಲ್ಲಿ ಮುಚ್ಚಳದ ಗುರುತು ಸ್ಪಷ್ಟವಾಗಿದೆ. ಸೂರ್ಯನಿಂದ ಬಿಸಿಯಾಗಿದ್ದರೆ ಗಾಳಿಯ ಕೆಳಪದರ ಮೇಲ್ಪದರ ಎರಡೂ ಬಿಸಿಯಾಗಬೇಕಿತ್ತು. ನಡೆದದ್ದು ಬೇರೆ. ನೆಲದ ಹತ್ತಿರದ ಗಾಳಿ ಬಿಸಿಯಾಗಿದೆ, ಅದರ ಮೇಲಿನ ಸ್ತರಗೋಳ ತಣ್ಣಗಾಗಿದೆ. ಹೀಗೆ ಆಗುತ್ತದೆ ಅಂತ ಸ್ಯೂಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲೇ ಲೆಕ್ಕ ಹಾಕಿ ಹೇಳಿದ್ದರು. ಉಪಗ್ರಹಗಳು ಅದನ್ನು ಅಳೆದದ್ದು ಆಮೇಲೆ. 2021ರಲ್ಲಿ ಮನಾಬೆಯವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ಅವರೊಡನೆ ಅದನ್ನು ಪಡೆದವರಲ್ಲಿ ಒಬ್ಬರು ಕ್ಲೌಸ್ ಹಾಸೆಲ್‌ಮನ್. ಹವಾಮಾನದ ಗದ್ದಲದೊಳಗೆ ಮನುಷ್ಯನ ಬೆರಳಚ್ಚನ್ನು ಹುಡುಕುವ ವಿಧಾನ ಕಟ್ಟಿಕೊಟ್ಟವರು ಇವರು.

ಭೂಮಿ ಸೂರ್ಯನ ಸುತ್ತ ಸುತ್ತುವ ದಾರಿ, ಅದರ ಓಲಾಟ ಬದಲಾಗಿ ಹಿಮಯುಗಗಳು ಬಂದುಹೋದವು ಅನ್ನುವುದೂ ನಿಜ. ಆದರೆ ಅದು ಹತ್ತಾರು ಸಾವಿರ ವರ್ಷಗಳ ಆಟ. ಒಂದು ಮನುಷ್ಯನ ಆಯುಷ್ಯದಲ್ಲಿ ಕಾಣುವ ಬದಲಾವಣೆಗೆ ಅದು ಉತ್ತರ ಆಗದು.

ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ಒಂದೇ ಸಲಕ್ಕೆ ತೀರ್ಪು ಕೊಟ್ಟಿಲ್ಲ ಅನ್ನುವುದನ್ನೂ ಗಮನಿಸಬೇಕು. 1995ರಲ್ಲಿ ಮನುಷ್ಯನ ಪ್ರಭಾವ ಗುರುತಿಸುವ ಮಟ್ಟಿಗೆ ಇದೆ ಎಂದರು. 2001, 2007, 2013 ಎಂದು ಒಂದೊಂದೇ ಮೆಟ್ಟಿಲು ಖಚಿತವಾಗುತ್ತಾ ಬಂದು, 2021ರಲ್ಲಿ ಸಂಶಯಕ್ಕೆ ಎಡೆಯಿಲ್ಲ ಎಂದರು. 1850-1900ಕ್ಕೆ ಹೋಲಿಸಿದರೆ 2010-2019ರ ಹೊತ್ತಿಗೆ ಮನುಷ್ಯನಿಂದಾದ ಏರಿಕೆ ಸುಮಾರು 1.07 ಡಿಗ್ರಿ. ಸೂರ್ಯ ಮತ್ತು ಜ್ವಾಲಾಮುಖಿಯ ಪಾಲು ಹೆಚ್ಚೆಂದರೆ 0.1 ಡಿಗ್ರಿ ಆ ಕಡೆ ಅಥವಾ ಈ ಕಡೆ. ಮುಖ್ಯ ಕಾರಣ ಯಾರು ಎಂಬ ಚರ್ಚೆ ವಿಜ್ಞಾನದಲ್ಲಿ ಮುಗಿದಿದೆ. ಇನ್ನೂ ಎರಡೂ ಕಡೆ ಸಮಸಮ ವಾದ ಇದೆ ಎಂಬಂತೆ ಟಿವಿಯಲ್ಲಿ ಕೂರಿಸುವುದು ಮೋಸ.

ಹಾಗಂತ ಅನುಮಾನ ಪಡುವವರೆಲ್ಲ ದಡ್ಡರಲ್ಲ. ಅವರ ಕೆಲವು ಪ್ರಶ್ನೆಗಳು ನಮ್ಮ ಊರಿನ ಅನುಭವದಿಂದಲೇ ಬಂದವು. "ಸಾಂತಾಕ್ರೂಜ್ ಮಾಪಕ ಇರುವುದು ಏರ್‌ಪೋರ್ಟ್ ಹತ್ತಿರ. ಸುತ್ತ ಕಾಂಕ್ರೀಟ್, ಏಸಿ, ವಿಮಾನ. ಅಲ್ಲಿ ಸೆಕೆ ಏರದೆ ಇನ್ನೇನು?" ಸರಿಯಾದ ಮಾತು. ಕಾಂಕ್ರೀಟ್ ನಗರ ತನ್ನದೇ ಬಿಸಿ ಹುಟ್ಟಿಸುತ್ತದೆ. ಮುಂಬೈಯ ರಾತ್ರಿಗಳು ತಣಿಯದಿರಲು ಅದೂ ಒಂದು ಕಾರಣ. ಇದೇ ಅನುಮಾನ ಇಟ್ಟುಕೊಂಡು ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಬರ್ಕ್ಲಿಯಲ್ಲಿ ಪ್ರಪಂಚದ ತಾಪಮಾನದ ದಾಖಲೆಗಳನ್ನೆಲ್ಲ ಮತ್ತೆ ಜಾಲಾಡಿದರು. ಅದಕ್ಕೆ ತೈಲ ವ್ಯಾಪಾರದ ಕೋಕ್ ಕುಟುಂಬದ ಪ್ರತಿಷ್ಠಾನದ ಹಣವೂ ಬಂದಿತ್ತು. ನಗರದ ಬಿಸಿಯನ್ನು ಬೇರ್ಪಡಿಸಿ ನೋಡಿದರೂ ಭೂಮಿಯ ಏರಿಕೆ ಹಾಗೇ ಉಳಿಯಿತು. 2012ರಲ್ಲಿ ಅವರು, ಹೆಚ್ಚುಕಡಿಮೆ ಪೂರ್ತಿ ಕಾರಣ ಮನುಷ್ಯನೇ ಎಂದು ಬಹಿರಂಗವಾಗಿ ಬರೆದರು. ನಮಗೆ ಇನ್ನೂ ಸುಲಭದ ಸಾಕ್ಷಿ ಸಮುದ್ರ. ಹಿಂದೂ ಮಹಾಸಾಗರದ ಮೇಲ್ಮೈ 1951ರಿಂದ 2015ರ ನಡುವೆ ಸುಮಾರು 1 ಡಿಗ್ರಿ ಬಿಸಿಯಾಗಿದೆ. ಅಲ್ಲಿ ಯಾರೂ ಟವರ್ ಕಟ್ಟಿಲ್ಲ.

"1974ರ ಜುಲೈನಲ್ಲಿ ಕೊಲಾಬಾದಲ್ಲಿ ಒಂದೇ ದಿನ 575 ಮಿ.ಮೀ. ಸುರಿದಿತ್ತು, 1952ರ ಏಪ್ರಿಲ್‌ನಲ್ಲಿ ಸಾಂತಾಕ್ರೂಜ್ 42 ಡಿಗ್ರಿ ದಾಟಿತ್ತು" ಅಂತ ಹಳೆಯ ದಾಖಲೆ ತೆಗೆಯುವವರೂ ಇದ್ದಾರೆ. ಒಂದೊಂದು ದಿನದ ದಾಖಲೆಯಿಂದ ಏನೂ ತೀರ್ಮಾನ ಆಗದು. ಎರಡೂ ಕಡೆಯವರಿಗೂ ಈ ಮಾತು ಅನ್ವಯಿಸುತ್ತದೆ. ದಶಕಗಳ ಸರಾಸರಿ ಯಾವ ಕಡೆ ಸರಿಯುತ್ತಿದೆ ಎಂದು ನೋಡಬೇಕು.

ಹಿಮಾಲಯದ ಎಡವಟ್ಟು ನಮ್ಮವರಿಗೆ ಚೆನ್ನಾಗಿ ನೆನಪಿದೆ. ಹಿಮಾಲಯದ ನೀರ್ಗಲ್ಲುಗಳು 2035ಕ್ಕೆ ಮಾಯವಾಗಬಹುದು ಎಂದು ಐಪಿಸಿಸಿಯ 2007ರ ವರದಿಯಲ್ಲಿ ಸೇರಿಬಿಟ್ಟಿತ್ತು. ಅದಕ್ಕೆ ಆಧಾರ ಇರಲಿಲ್ಲ. ಭಾರತೀಯ ಭೂವಿಜ್ಞಾನಿ ವಿ.ಕೆ. ರೈನಾ 2009ರಲ್ಲಿ ಬೇರೆ ಚಿತ್ರ ಕೊಟ್ಟಾಗ, ಐಪಿಸಿಸಿಯ ಆಗಿನ ಅಧ್ಯಕ್ಷ ಆರ್.ಕೆ. ಪಚೌರಿ ಅದನ್ನು ಹೀಯಾಳಿಸಿದರು. 2010ರ ಜನವರಿಯಲ್ಲಿ ಸಂಸ್ಥೆ ತಪ್ಪೊಪ್ಪಿಕೊಳ್ಳಬೇಕಾಯಿತು. ಹೀಯಾಳಿಸಿದ್ದು ದುರಹಂಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ತಪ್ಪು ಒಂದು ಇಸವಿಯದ್ದು. ಕಾರ್ಬನ್-14ರ ಲೆಕ್ಕಕ್ಕೂ ಅದಕ್ಕೂ ಸಂಬಂಧ ಇಲ್ಲ. ಇನ್ನೊಂದು ಕಡೆ ಅನುಮಾನವನ್ನೇ ದುಡ್ಡು ಕೊಟ್ಟು ಬೆಳೆಸಿದ ಕಥೆಯೂ ಇದೆ. ಎಕ್ಸಾನ್ ತೈಲ ಕಂಪನಿಯ ಸ್ವಂತ ವಿಜ್ಞಾನಿಗಳು 1970ರ ದಶಕದ ಕೊನೆಯಿಂದ ಮಾಡಿದ ಲೆಕ್ಕಗಳು ಆಮೇಲಿನ ತಾಪಮಾನಕ್ಕೆ ಬಹುಪಾಲು ಹೊಂದುತ್ತವೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಒಳಗೆ ಗೊತ್ತಿತ್ತು, ಹೊರಗೆ ಅನುಮಾನ ಹಂಚಿದರು.

ನಿಜವಾದ ಚರ್ಚೆ ಇನ್ನೂ ಬಿಸಿಯಾಗಿರುವುದು ನಮ್ಮ ಭಾಗದ ಲೆಕ್ಕದಲ್ಲಿ. ಅದು ನಡೆಯುತ್ತಿರುವುದು ಪಕ್ಕದ ಪುಣೆಯಲ್ಲಿ. ಪಾಷಾಣ್ ರಸ್ತೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ಕೇಂದ್ರ ಸರ್ಕಾರಕ್ಕಾಗಿ ಭಾರತದ ಹವಾಮಾನದ ಮೊದಲ ಸಮಗ್ರ ವರದಿ ಸಿದ್ಧಪಡಿಸಿದರು. 1901ರಿಂದ 2018ರ ನಡುವೆ ಭಾರತ ಸುಮಾರು 0.7 ಡಿಗ್ರಿ ಬಿಸಿಯಾಗಿದೆ. ಇದು ಜಗತ್ತಿನ ನೆಲಭಾಗದ ಸರಾಸರಿಗಿಂತ ಕಡಿಮೆ. ಯಾಕೆ? ನಮ್ಮ ಹೊಗೆ, ಧೂಳು. ಕಲ್ಲಿದ್ದಲು ಸುಟ್ಟಾಗ ಬರುವ ಸಲ್ಫೇಟ್ ಕಣಗಳು ಬಿಸಿಲನ್ನು ವಾಪಸ್ ಕಳಿಸಿ ಬಿಸಿಯ ಒಂದು ಪಾಲನ್ನು ಮುಚ್ಚಿಟ್ಟಿವೆ. ಒಂದೇ ಚಿಮಣಿಯಿಂದ ಬಿಸಿ ಮಾಡುವ ಅನಿಲವೂ ತಣಿಸುವ ಕಣವೂ ಬರುತ್ತದೆ. ಕಣ ಕೆಲವು ದಿನದಲ್ಲಿ ನೆಲಕ್ಕೆ ಬೀಳುತ್ತದೆ, ಅನಿಲದ ಒಂದು ದೊಡ್ಡ ಪಾಲು ಶತಮಾನಗಳವರೆಗೆ ಉಳಿಯುತ್ತದೆ. ನಾಳೆ ಗಾಳಿ ಸ್ವಚ್ಛ ಮಾಡಿದರೆ, ಮಾಡಲೇಬೇಕು, ಮುಚ್ಚಿಟ್ಟ ಬಿಸಿ ಹೊರಗೆ ಬರುತ್ತದೆ. ಎಷ್ಟು, ಎಷ್ಟು ಬೇಗ ಅನ್ನುವುದರಲ್ಲಿ ವಿಜ್ಞಾನಿಗಳಲ್ಲೇ ಭಿನ್ನಾಭಿಪ್ರಾಯ ಇದೆ.

ಮಳೆಯ ಚಿತ್ರವೂ ಸರಳ ಇಲ್ಲ. ಅದೇ ವರದಿಯ ಪ್ರಕಾರ 1951ರಿಂದ 2015ರ ನಡುವೆ ದೇಶದ ಮುಂಗಾರು ಮಳೆ ಒಟ್ಟು ಶೇ. 6ರಷ್ಟು ಕಡಿಮೆಯಾಗಿದೆ. ಪಶ್ಚಿಮ ಘಟ್ಟದಲ್ಲೂ ಇಳಿಕೆ ಇದೆ. ಆದರೆ ಬೀಳುವ ಮಳೆ ಒಂದೇ ಸಲ ದಬದಬ ಬೀಳುವುದು ಜಾಸ್ತಿಯಾಗಿದೆ. ಇದೇ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದಂತೆ, ಮಧ್ಯ ಭಾರತದ ಪಟ್ಟಿಯಲ್ಲಿ ದೊಡ್ಡ ಪ್ರದೇಶವನ್ನು ಆವರಿಸುವ ವಿಪರೀತ ಮಳೆಯ ಘಟನೆಗಳು 1950ರಿಂದ 2015ರೊಳಗೆ ಮೂರು ಪಟ್ಟಾಗಿವೆ. ಅದಕ್ಕೆ ತೇವ ಒದಗಿಸುತ್ತಿರುವುದು ಬಿಸಿಯಾದ ಅರಬ್ಬಿ ಸಮುದ್ರ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು.

ಹಾಗಾದರೆ 2005ರ ಆ 944 ಮಿ.ಮೀ. ಮನುಷ್ಯನಿಂದ ಬಂತೇ? ಅಷ್ಟು ಚಿಕ್ಕ ಜಾಗದಲ್ಲಿ ಸುರಿದ ಒಂದು ದಿನದ ಮಳೆಯನ್ನು ಹೌದು ಅಥವಾ ಇಲ್ಲ ಅಂತ ಕತ್ತರಿಸಿ ಹೇಳಲು ಆಗದು. ಅಂಥ ಮಳೆ ಬರುವ ಸಂಭವ ಹೆಚ್ಚುತ್ತಿದೆ ಅನ್ನಬಹುದು. ಕೆಲವು ಘಟನೆಗಳಲ್ಲಿ ಇನ್ನೂ ನಿಖರವಾಗಿ ಹೇಳಲು ಸಾಧ್ಯವಾಗಿದೆ. 2023ರ ಏಪ್ರಿಲ್ 16ರಂದು ನವಿ ಮುಂಬೈಯ ಖಾರ್ಘರ್‌ನಲ್ಲಿ ಪ್ರಶಸ್ತಿ ಸಮಾರಂಭಕ್ಕೆ ಬಂದ 14 ಜನ ಬಿಸಿಲಿನ ಹೊಡೆತಕ್ಕೆ ಸತ್ತರು. ಆ ತಿಂಗಳು ಭಾರತ, ಬಾಂಗ್ಲಾದೇಶಗಳನ್ನು ಕಾಡಿದ ಸೆಕೆಯ ಅಲೆಯ ಸಂಭವವನ್ನು ಹವಾಮಾನ ಬದಲಾವಣೆ ಕನಿಷ್ಠ 30 ಪಟ್ಟು ಹೆಚ್ಚಿಸಿತ್ತು ಎಂದು ಅಂತರರಾಷ್ಟ್ರೀಯ ತಂಡವೊಂದು ಲೆಕ್ಕ ಹಾಕಿತು. ಸೆಕೆಗೆ ಒಂದು ಕಾರಣ ಅಲ್ಲಿ ಸಿಕ್ಕಿತು. ಆದರೆ ಲಕ್ಷಾಂತರ ಜನರನ್ನು ನಡುಹಗಲಿನಲ್ಲಿ ನೆರಳಿಲ್ಲದ ಮೈದಾನದಲ್ಲಿ ಕೂರಿಸಿದ್ದು ಯಾವ ಅನಿಲ?

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗಲೂ ಹೀಗೇ ಆಯಿತು. ಅರಬ್ಬಿ ಸಮುದ್ರ ಬಿಸಿಯಾಗಿ ಚಂಡಮಾರುತಗಳಿಗೆ ಬಲ ಕೊಡುತ್ತಿರುವುದು ಒಂದು ಕಡೆ. ಮುನ್ನೆಚ್ಚರಿಕೆ ಬಂದ ಮೇಲೂ ಸಮುದ್ರದೊಳಗಿನ ತೈಲ ಕ್ಷೇತ್ರ ಬಾಂಬೆ ಹೈ ಬಳಿ ಕೆಲಸಗಾರರಿದ್ದ ಬಾರ್ಜ್ ನಿಂತೇ ಇದ್ದು ಮುಳುಗಿದ್ದು ಇನ್ನೊಂದು ಕಡೆ. ನಾವು ಮುಂಬೈಯಿಂದ ಊರಿಗೆ ಹೋಗುವ ದಾರಿಯಲ್ಲಿ 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಮಳೆ ವಿಪರೀತ ಇತ್ತು. ಹೆದ್ದಾರಿಗಾಗಿ ಗುಡ್ಡವನ್ನು ನೆಟ್ಟಗೆ ಕಡಿದದ್ದೂ ಇತ್ತು. 2025ರಲ್ಲಿ ಮುಂಗಾರು ಮೇ 26ಕ್ಕೇ ಮುಂಬೈಗೆ ಬಂದು ಹಿಂದಿನ ದಾಖಲೆ ಮುರಿಯಿತು. ಅದೇ ದಿನ ವರ್ಲಿಯ ಹೊಸ ಭೂಗತ ಮೆಟ್ರೊ ನಿಲ್ದಾಣದೊಳಗೆ ನೀರು ನುಗ್ಗಿತು. ಕಟ್ಟುತ್ತಿದ್ದ ದ್ವಾರದ ತಡೆಗೋಡೆ ಕುಸಿದಿತ್ತು.

ಇನ್ನೊಂದು ಮಾತು. ಮನುಷ್ಯ ಕಾರಣ ಅಂದಾಗ ಎಲ್ಲ ಮನುಷ್ಯರ ತಲೆಗೂ ಸಮವಾಗಿ ಕಟ್ಟುವುದು ಅನ್ಯಾಯ. ಸರಾಸರಿ ಅಮೆರಿಕನ್ ಒಬ್ಬ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡಿಗೆ ಕಾರಣ. ಸರಾಸರಿ ಭಾರತೀಯ ಸುಮಾರು 2 ಟನ್‌ಗೆ. ಕ್ಯಾಂಟೀನಿನಲ್ಲಿ ದುಡಿದು ರಾತ್ರಿ ಅಲ್ಲೇ ಬೆಂಚಿನ ಮೇಲೆ ಮಲಗುವ ಹುಡುಗನದ್ದು ಎಷ್ಟಿರಬಹುದು? ಇಲ್ಲಿಯವರೆಗೆ ಗಾಳಿಗೆ ಸೇರಿದ್ದರಲ್ಲಿ ಅಮೆರಿಕದ ಪಾಲು ಹತ್ತಿರಹತ್ತಿರ ಕಾಲುಭಾಗ, ಭಾರತದ್ದು ಶೇ. 3ರ ಆಸುಪಾಸು. "ಇದೆಲ್ಲ ಬಿಳಿಯರ ನಾಟಕ, ನಮ್ಮನ್ನು ಬೆಳೆಯಲು ಬಿಡಬಾರದು ಅಂತ" ಎಂಬ ಸಿಟ್ಟಿನ ಹಿಂದೆ ಈ ಲೆಕ್ಕ ಇದೆ. ಸಿಟ್ಟು ನ್ಯಾಯವಾದದ್ದು. ಆದರೆ ವಿಜ್ಞಾನವನ್ನೇ ಸುಳ್ಳು ಅಂದುಬಿಟ್ಟರೆ ಅವರ ಮೇಲೆ ದಾವೆ ಹೂಡಲು ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ನಾಲಾದ ಪಕ್ಷದವರಿಗೂ ಇದೇ ತೊಡಕು. ಬ್ರಿಟಿಷರ ಕಾಲದ ಮುಂಬೈ ಚರಂಡಿಗಳು ಗಂಟೆಗೆ 25 ಮಿ.ಮೀ. ಮಳೆಯನ್ನು ಹೊರಹಾಕುವಂತೆ ಇದ್ದವು, ಅದೂ ಸಮುದ್ರ ಇಳಿತದಲ್ಲಿದ್ದಾಗ. ಮಳೆನೀರಿನ ಚರಂಡಿಗಳನ್ನು ಸುಧಾರಿಸುವ 1993ರ ಬ್ರಿಮ್‌ಸ್ಟೋವಾಡ್ ಯೋಜನೆ ಅದನ್ನು 50ಕ್ಕೆ ಏರಿಸಲು ಹೇಳಿತು. ವರದಿ ಹೆಚ್ಚುಪಾಲು ಕಪಾಟಿನಲ್ಲೇ ಇತ್ತು, 2005ರ ನಂತರ ಧೂಳು ಕೊಡವಿದರು. ಆ ದಿನ ಸಾಂತಾಕ್ರೂಜ್‌ನಲ್ಲಿ ಒಂದೇ ಗಂಟೆಯಲ್ಲಿ 190 ಮಿ.ಮೀ. ಬಿದ್ದಿತ್ತು. ಈ 50 ಅನ್ನುವ ಅಂಕೆ ಬಂದದ್ದು ಹಳೆಯ ಮಳೆಯ ದಾಖಲೆಗಳಿಂದ. ಸಮುದ್ರ ಬಿಸಿಯಾಗಿಲ್ಲ, ಮಳೆಯ ರೀತಿ ಬದಲಾಗಿಲ್ಲ ಅಂತ ವಾದಿಸುವವರು ಪಾಲಿಕೆಗೆ ಆ 50 ಸಾಕು ಅಂತ ಒಪ್ಪಿಗೆ ಕೊಟ್ಟಂತೆ. ಚರಂಡಿ ದೊಡ್ಡದಾಗಬೇಕು ಅಂತ ಕೇಳಬೇಕಾದರೆ ಪುಣೆಯ ಅಂಕಿಗಳನ್ನೇ ಕೈಗೆತ್ತಿಕೊಳ್ಳಬೇಕು. ಬಹಳಷ್ಟು ನಾಲಾಗಳ ಬಾಯಿ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. ಜಗತ್ತಿನ ಸಮುದ್ರಮಟ್ಟ 1901ರಿಂದ 2018ರೊಳಗೆ ಸರಾಸರಿ 20 ಸೆಂ.ಮೀ. ಏರಿದೆ. ಹಾಗಾಗಿ ಪಂಪ್ ಬೇಕೇ ಬೇಕು.

2022ರಲ್ಲಿ ಪಾಲಿಕೆ ಮುಂಬೈ ಹವಾಮಾನ ಕ್ರಿಯಾ ಯೋಜನೆ ಪ್ರಕಟಿಸಿ, 2050ಕ್ಕೆ ನಗರವನ್ನು ನೆಟ್ ಝೀರೊ (ಗಾಳಿಗೆ ಬಿಟ್ಟಷ್ಟನ್ನೂ ವಾಪಸ್ ಹೀರುವ ಸ್ಥಿತಿ) ಮಾಡುತ್ತೇವೆ ಎಂದಿತು. ದೇಶದ ಗುರಿಗಿಂತ 20 ವರ್ಷ ಮೊದಲು. ಕೇಳಲು ಚೆನ್ನಾಗಿದೆ. ಬ್ರಿಮ್‌ಸ್ಟೋವಾಡ್‌ನ ಎಂಟು ಪಂಪಿಂಗ್ ಸ್ಟೇಷನ್‌ಗಳಲ್ಲಿ ಹಾಜಿ ಅಲಿ, ಇರ್ಲಾ, ಲವ್‌ಗ್ರೋವ್ ಸೇರಿ ಆರನ್ನು ಕಟ್ಟಿದರು. ಮಾಹುಲ್‌ನದ್ದು ಉಪ್ಪಿನಾಗರದ ಜಾಗದ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್, ಮಾಟುಂಗಾ, ಸಾಯನ್‌ನ ನೀರು ತಗ್ಗಬೇಕಾದದ್ದು ಅದರಿಂದಲೇ.